ಓದುಗನ ಬಲವೂ ಉತ್ತರಿಸುವ ಹೊಣೆಯೂ

ಪತ್ರಿಕೆಯನ್ನು ಬರೆಯುವವರು ಕೆಲವರು, ಓದುವವರು ಹಲವರು ಎಂಬ ಏರ್ಪಾಡು ಬಹುಕಾಲ ಪ್ರಶ್ನೆಯಿಲ್ಲದೆ ನಡೆದುಬಂತು. ಅದಕ್ಕೆ ಯಾರ ದುರುದ್ದೇಶವೂ ಕಾರಣವಾಗಿರಲಿಲ್ಲ. ಮುದ್ರಣಯಂತ್ರಕ್ಕೂ ಕಾಗದಕ್ಕೂ ಧನಬಲ ಬೇಕಿತ್ತು. ಬಾನುಲಿ ಮತ್ತು ಟೆಲಿವಿಷನ್ ಕೇಂದ್ರಗಳಿಗೆ ಅದರ ಜೊತೆಗೆ ಸರ್ಕಾರದ ಪರವಾನಗಿಯೂ ಬೇಕಿತ್ತು. ಓದುಗನಿಗೆ ಉಳಿದಿದ್ದುದು ಎರಡೇ ದಾರಿ: ಸಂಪಾದಕರಿಗೆ ಪತ್ರ ಬರೆಯುವುದು, ಅಥವಾ ಪತ್ರಿಕೆ ತರಿಸುವುದನ್ನು ನಿಲ್ಲಿಸುವುದು. ಬರೆದ ಪತ್ರವನ್ನು ಪ್ರಕಟಿಸುವುದೂ ಬಿಡುವುದೂ ಸಂಪಾದಕರ ವಿವೇಚನೆಗೆ ಸೇರಿದ್ದು. ಪತ್ರಿಕೆ ನಿಲ್ಲಿಸಿದ ಒಬ್ಬನ ಮುನಿಸು ಕಚೇರಿಗೆ ತಿಳಿಯುತ್ತಲೇ ಇರಲಿಲ್ಲ.

2006ರ ಜೂನ್ ತಿಂಗಳಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮದ ಅಧ್ಯಾಪಕರಾದ ಜೇ ರೋಸೆನ್ ಅವರು ಈ ಏರ್ಪಾಡು ಮುಗಿಯಿತೆಂದು ಸಾರುವ ಒಂದು ಲೇಖನವನ್ನು ಪ್ರಕಟಿಸಿದರು. ಹಿಂದೆ ಪ್ರೇಕ್ಷಕರೆನಿಸಿಕೊಂಡಿದ್ದ ಜನರ ಪರವಾಗಿ ಮಾಧ್ಯಮಗಳ ಒಡೆಯರಿಗೆ ಕಳಿಸಿದ ನೋಟೀಸಿನಂತೆ ಆ ಬರಹ ರಚಿತವಾಗಿದೆ. ಮುದ್ರಣಾಲಯವಿಲ್ಲದವನಿಗೆ ಬ್ಲಾಗು ದೊರೆತಿದೆ, ಕ್ಯಾಮೆರಾ ಪ್ರತಿಯೊಬ್ಬರ ಕೈಗೂ ಬಂದಿದೆ, ಮೇಲಿನಿಂದ ಕೆಳಕ್ಕೆ ಮಾತ್ರ ಹರಿಯುತ್ತಿದ್ದ ಸುದ್ದಿ ಈಗ ಅಡ್ಡಡ್ಡಲಾಗಿಯೂ ಹರಿಯುತ್ತದೆ, ಬಲದ ತಕ್ಕಡಿ ಸರಿದಿದೆ ಎಂಬುದು ಅದರ ತಾತ್ಪರ್ಯ. ಮುಂದಿನ ವರ್ಷಗಳಲ್ಲಿ ಈ ಲೇಖನ ಪತ್ರಿಕೋದ್ಯಮದ ತರಗತಿಗಳಲ್ಲಿ ಪಠ್ಯದಂತೆ ಬಳಕೆಗೆ ಬಂತು. ಅದರ ಮಾತು ಬಹುಪಾಲು ನಿಜವೂ ಆಯಿತು. ಆದರೆ ಬಲ ಬಂದಿತೆಂದು ಹೇಳಿದರೆ ಸಾಲದು. ಅದು ಯಾವ ಬಲ, ಯಾರ ಮೇಲೆ ನಡೆಯುವ ಬಲ, ಅದನ್ನು ಬಳಸಿದವನು ಯಾರಿಗೆ ಉತ್ತರ ಕೊಡಬೇಕು ಎಂಬ ಪ್ರಶ್ನೆಗಳನ್ನು ಆ ಲೇಖನ ಮುಟ್ಟದೆ ಬಿಟ್ಟಿದೆ. ಆ ಪ್ರಶ್ನೆಗಳಿಗೆ ಉತ್ತರ ದೊರೆಯುವುದು ಸಿದ್ಧಾಂತದಲ್ಲಿ ಅಲ್ಲ, ನಡೆದುಹೋದ ಘಟನೆಗಳಲ್ಲಿ.

ಮೊದಲನೆಯದು ರೋಸೆನ್ ಅವರ ಲೇಖನಕ್ಕೆ ಎರಡು ವರ್ಷ ಹಿಂದಿನದು. 2004ರ ಸೆಪ್ಟೆಂಬರ್ 8ರ ರಾತ್ರಿ ಅಮೆರಿಕದ ಸಿ.ಬಿ.ಎಸ್. ಟೆಲಿವಿಷನ್ ಸಂಸ್ಥೆ ಅಧ್ಯಕ್ಷ ಜಾರ್ಜ್ ಬುಷ್ ಅವರ ಸೈನಿಕ ಸೇವೆಯ ಬಗ್ಗೆ ಒಂದು ವರದಿಯನ್ನು ಪ್ರಸಾರಮಾಡಿತು. ಅಧ್ಯಕ್ಷೀಯ ಚುನಾವಣೆಗೆ ಎರಡು ತಿಂಗಳೂ ಉಳಿದಿರಲಿಲ್ಲ. 1970ರ ದಶಕದ ಆರಂಭದಲ್ಲಿ ಟೆಕ್ಸಾಸಿನ ವಾಯುರಕ್ಷಣಾ ದಳದಲ್ಲಿದ್ದಾಗ ಬುಷ್ ತಮ್ಮ ಕರ್ತವ್ಯದಲ್ಲಿ ಲೋಪ ಮಾಡಿದ್ದರೆಂಬುದು ವರದಿಯ ಸಾರ. ಅದಕ್ಕೆ ಆಧಾರವಾಗಿ ಅವರ ಮೇಲಧಿಕಾರಿ ಬರೆದಿದ್ದರೆನ್ನಲಾದ ಕೆಲವು ಟಿಪ್ಪಣಿಗಳನ್ನು ತೋರಿಸಲಾಯಿತು. ಆ ಅಧಿಕಾರಿ 1984ರಲ್ಲಿಯೇ ತೀರಿಕೊಂಡಿದ್ದರು. ವರದಿಯನ್ನು ಮಂಡಿಸಿದವರು ಎರಡು ದಶಕಗಳಿಗೂ ಮಿಕ್ಕಿ ಆ ಸಂಸ್ಥೆಯ ರಾತ್ರಿವಾರ್ತೆಯನ್ನು ಓದಿದ ಡಾನ್ ರಾದರ್. ಮಾತಿನ ತೂಕದಲ್ಲಿ ಅವರಿಗೆ ಸಮನಾದವರು ಆ ದೇಶದಲ್ಲಿ ಬೆರಳೆಣಿಕೆಯಷ್ಟು ಮಂದಿ.

ಪ್ರಸಾರ ಮುಗಿದ ಕೆಲವೇ ಗಂಟೆಗಳಲ್ಲಿ ಅಂತರಜಾಲದ ಒಂದು ಚರ್ಚಾಕೂಟದಲ್ಲಿ ಗುಪ್ತನಾಮದ ವ್ಯಕ್ತಿಯೊಬ್ಬ ಒಂದು ಸಂದೇಹವನ್ನು ಎತ್ತಿದ. ಟಿಪ್ಪಣಿಯ ಅಕ್ಷರಗಳು ಒಂದೇ ಅಗಲದವಲ್ಲ; ಒಂದೊಂದು ಅಕ್ಷರಕ್ಕೆ ಅದರದರ ಅಗಲಕ್ಕೆ ತಕ್ಕ ಸ್ಥಳ ಸಿಕ್ಕಿದೆ. 1972ರ ಕಚೇರಿಯ ಸಾಮಾನ್ಯ ಟೈಪ್‌ರೈಟರಿನಲ್ಲಿ ಎಲ್ಲ ಅಕ್ಷರಗಳಿಗೂ ಸಮಾನ ಸ್ಥಳ ಬೀಳುತ್ತಿತ್ತು. ಮರುದಿನ ಬ್ಲಾಗು ಬರೆಯುವವರು ಅದೇ ಒಕ್ಕಣೆಯನ್ನು ಕಂಪ್ಯೂಟರಿನ ಸಾಮಾನ್ಯ ಬರವಣಿಗೆಯ ತಂತ್ರಾಂಶದಲ್ಲಿ ಟೈಪು ಮಾಡಿ, ಎರಡನ್ನೂ ಒಂದರ ಮೇಲೊಂದು ಇಟ್ಟು ತೋರಿಸಿದರು. ಸಾಲುಗಳು ಹೊಂದಿಕೊಂಡವು. ಅದು ಕೂಟಲೇಖವಿರಬೇಕೆಂಬ ಶಂಕೆ ದೇಶವ್ಯಾಪಿಯಾಯಿತು. ಸಂಸ್ಥೆ ಹನ್ನೆರಡು ದಿನ ತನ್ನ ವರದಿಯನ್ನು ಸಮರ್ಥಿಸಿಕೊಂಡು, ಸೆಪ್ಟೆಂಬರ್ 20ರಂದು ಟಿಪ್ಪಣಿಗಳ ಸಾಚಾತನವನ್ನು ಸ್ಥಾಪಿಸಲಾರೆನೆಂದು ಒಪ್ಪಿಕೊಂಡಿತು. ರಾದರ್ ಕ್ಷಮೆ ಕೇಳಿದರು.

ಪ್ರೇಕ್ಷಕನ ಬಲವನ್ನು ಕೊಂಡಾಡುವವರು ಕತೆಯನ್ನು ಇಲ್ಲಿಗೆ ನಿಲ್ಲಿಸುವುದು ವಾಡಿಕೆ. ಅದರ ಉಳಿದ ಭಾಗವನ್ನು ಗಮನಿಸದೆ ಇಂತಹ ತೀರ್ಮಾನಕ್ಕೆ ಬರುವುದು ಸರಿಯಾಗದು. ಮೊದಲ ಸಂದೇಹ ಹೊರಗಿನಿಂದ ಬಂದುದು ನಿಜ. ಆದರೆ ಪ್ರಸಾರಕ್ಕೆ ಮೊದಲೇ ಸಿ.ಬಿ.ಎಸ್. ನೇಮಿಸಿಕೊಂಡಿದ್ದ ದಸ್ತಾವೇಜು ತಜ್ಞರ ಪೈಕಿ ಇಬ್ಬರು ಎಚ್ಚರಿಕೆ ಕೊಟ್ಟಿದ್ದರೆಂಬ ಸಂಗತಿಯನ್ನು ಹೊರತಂದುದು ಎ.ಬಿ.ಸಿ. ಎಂಬ ಇನ್ನೊಂದು ಟೆಲಿವಿಷನ್ ಸಂಸ್ಥೆ. ಟಿಪ್ಪಣಿಗಳನ್ನು ಬೇರೆ ಬೇರೆ ತಜ್ಞರಿಗೆ ತೋರಿಸಿ ಅಭಿಪ್ರಾಯ ಪಡೆದವು ವಾಷಿಂಗ್ಟನ್ ಪೋಸ್ಟ್ ಮೊದಲಾದ ಪತ್ರಿಕೆಗಳು. ಟಿಪ್ಪಣಿ ತಂದುಕೊಟ್ಟವನು ಅದರ ಮೂಲದ ಬಗ್ಗೆ ಸುಳ್ಳು ಹೇಳಿದ್ದನ್ನು ಒಪ್ಪಿಸಿದ್ದು ಸಿ.ಬಿ.ಎಸ್. ತಾನೇ. ಅನಂತರ ಆ ಸಂಸ್ಥೆ ಮಾಜಿ ಅಟಾರ್ನಿ ಜನರಲ್ ಒಬ್ಬರನ್ನೂ ಅಸೋಸಿಯೇಟೆಡ್ ಪ್ರೆಸ್ಸಿನ ಮಾಜಿ ಮುಖ್ಯಸ್ಥರನ್ನೂ ಕೂರಿಸಿ ತನ್ನ ಮೇಲೆ ತಾನೇ ತನಿಖೆ ಮಾಡಿಸಿತು. 2005ರ ಜನವರಿ 10ರಂದು ಇನ್ನೂರಕ್ಕೂ ಹೆಚ್ಚು ಪುಟಗಳ ಆ ವರದಿ ಎಲ್ಲರೂ ಓದುವಂತೆ ಪ್ರಕಟವಾಯಿತು. ಒಬ್ಬ ನಿರ್ಮಾಪಕಿಯನ್ನು ಕೆಲಸದಿಂದ ತೆಗೆಯಲಾಯಿತು. ಮೂವರು ಹಿರಿಯ ಅಧಿಕಾರಿಗಳಿಂದ ರಾಜೀನಾಮೆ ಕೇಳಲಾಯಿತು. ರಾದರ್ ಮಾರ್ಚ್ 9ರಂದು ವಾರ್ತೆಯ ಪೀಠದಿಂದ ಇಳಿದರು.

ಹೊರಗಿನವರ ಒಂದು ಪ್ರಶ್ನೆಗೆ ಇಷ್ಟು ಫಲ ದೊರೆಯಲು ಕಾರಣವೇನು? ಪ್ರಶ್ನೆಯನ್ನು ಎದುರಿಸಬೇಕಾದವನಿಗೆ ಒಂದು ಹೆಸರಿತ್ತು, ಒಂದು ವಿಳಾಸವಿತ್ತು, ತಪ್ಪನ್ನು ತಿದ್ದಿಕೊಳ್ಳಬೇಕೆಂಬ ಒಂದು ಕಟ್ಟುಪಾಡು ಇತ್ತು. ದೇವಾಲಯದ ಆಡಳಿತ ಮಂಡಲಿಯ ವಾರ್ಷಿಕ ಸಭೆಯನ್ನು ಬಲ್ಲವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಸಭೆಯಲ್ಲಿ ಎದ್ದು ನಿಂತು, ಹೋದ ವರ್ಷದ ಅಭಿಷೇಕದ ಖರ್ಚು ಇಷ್ಟೇಕಾಯಿತೆಂದು ಕೇಳುವ ಭಕ್ತನಿಗೆ ಬಲ ಬರುವುದು ಧರ್ಮದರ್ಶಿಗಳ ಬಳಿ ಲೆಕ್ಕದ ಪುಸ್ತಕ ಇದ್ದಾಗ. ಪುಸ್ತಕವೇ ಇಡದ ಕಡೆ ಎಷ್ಟು ಗಟ್ಟಿಯಾಗಿ ಕೇಳಿದರೂ ಅದು ಬರಿಯ ಗಲಾಟೆ. ಸಿ.ಬಿ.ಎಸ್. ತಪ್ಪು ಮಾಡಿತು, ತಡಮಾಡಿತು, ಮೊದಮೊದಲು ಹಮ್ಮಿನಿಂದಲೂ ನಡೆದುಕೊಂಡಿತು; ಆದರೂ ಅದರ ಬಳಿ ಲೆಕ್ಕದ ಪುಸ್ತಕವಿತ್ತು. ಬ್ಲಾಗಿನವರು ಗೆದ್ದದ್ದು ಆ ಪುಸ್ತಕದ ಮೇಲೆ.

ಇನ್ನೊಂದು ಮಾತನ್ನೂ ಇಲ್ಲಿ ಸೇರಿಸಬೇಕು. ಮೊದಲ ಸಂದೇಹ ಎತ್ತಿದ ಗುಪ್ತನಾಮದ ವ್ಯಕ್ತಿ ರಿಪಬ್ಲಿಕನ್ ಪಕ್ಷದ ಕಡೆ ಒಲವಿದ್ದ ವಕೀಲನೆಂಬುದನ್ನು ಅನಂತರ ಪತ್ತೆಹಚ್ಚಿದ್ದು ಪತ್ರಿಕೆಯೇ. ಅದರಿಂದ ಅವನ ವಾದ ಸುಳ್ಳಾಗುವುದಿಲ್ಲ. ಅಕ್ಷರದ ಅಗಲಕ್ಕೆ ಪಕ್ಷವಿಲ್ಲ. ಆದರೆ ಪ್ರೇಕ್ಷಕ ಎಂಬ ಏಕವಚನ ಎಷ್ಟು ಮೋಸದ್ದೆಂಬುದು ಅದರಿಂದ ತಿಳಿಯುತ್ತದೆ. ಅಂದು ಎದ್ದು ನಿಂತದ್ದು ಅಖಂಡ ಪ್ರೇಕ್ಷಕವರ್ಗವಲ್ಲ, ಅದರೊಳಗಿನ ಒಂದು ಪಂಗಡ. ಅದಕ್ಕೆ ತನ್ನದೇ ಪ್ರಯೋಜನವಿತ್ತು. ಟಿಪ್ಪಣಿಯ ಜಗಳದಲ್ಲಿ, ಬುಷ್ ತಮ್ಮ ಸೇವೆಯನ್ನು ಪೂರೈಸಿದ್ದರೇ ಇಲ್ಲವೇ ಎಂಬ ಮೂಲಪ್ರಶ್ನೆ ಚುನಾವಣೆ ಮುಗಿಯುವವರೆಗೆ ಮೇಲೇಳಲೇ ಇಲ್ಲ. ಟಿಪ್ಪಣಿ ನಿಲ್ಲಲಿಲ್ಲವೆಂದ ಮಾತ್ರಕ್ಕೆ ಆ ಪ್ರಶ್ನೆ ಇತ್ಯರ್ಥವಾದಂತೆ ಆಗಿರಲಿಲ್ಲ.

ಓದುಗರ ಕೋಪಕ್ಕೆ ಒಂದು ಪತ್ರಿಕೆಯೇ ಬಲಿಯಾದ ಪ್ರಸಂಗ ಬ್ರಿಟನ್ನಿನದು. ನ್ಯೂಸ್ ಆಫ್ ದಿ ವರ್ಲ್ಡ್ 1843ರಲ್ಲಿ ಆರಂಭವಾದ ಭಾನುವಾರದ ಪತ್ರಿಕೆ. 2011ರಲ್ಲಿಯೂ ಅದರ ಪ್ರಸಾರ ವಾರಕ್ಕೆ 25 ಲಕ್ಷ ಪ್ರತಿಗಳಿಗೂ ಹೆಚ್ಚು. ಅದರ ವರದಿಗಾರರು ಅನ್ಯರ ಮೊಬೈಲಿನಲ್ಲಿ ದಾಖಲಾದ ಧ್ವನಿಸಂದೇಶಗಳನ್ನು ಕದ್ದು ಕೇಳುತ್ತಿದ್ದರು. 2007ರಲ್ಲಿ ಒಬ್ಬ ವರದಿಗಾರನೂ ಒಬ್ಬ ಖಾಸಗಿ ಪತ್ತೇದಾರನೂ ಇದೇ ಅಪರಾಧಕ್ಕೆ ಜೈಲಿಗೆ ಹೋದಾಗ, ಅದು ದಾರಿತಪ್ಪಿದ ಒಬ್ಬನ ಕೃತ್ಯವೆಂದು ಸಂಸ್ಥೆ ಹೇಳಿಕೊಂಡಿತು. 2009ರ ಜುಲೈಯಲ್ಲಿ ಗಾರ್ಡಿಯನ್ ಪತ್ರಿಕೆಯ ನಿಕ್ ಡೇವಿಸ್, ಇದು ಒಬ್ಬನಿಗೆ ಸೀಮಿತವಾದುದಲ್ಲವೆಂದು ಬರೆದರು. ಪೊಲೀಸರು ಮರುತನಿಖೆಗೆ ಕಾರಣವಿಲ್ಲವೆಂದರು. ಪತ್ರಿಕೆಗಳೇ ಸ್ಥಾಪಿಸಿಕೊಂಡಿದ್ದ ದೂರು ಮಂಡಲಿ ಆ ವರದಿಗೆ ಪುರಾವೆ ಕಾಣಲಿಲ್ಲವೆಂದಿತು. ಬೇರೆ ಪತ್ರಿಕೆಗಳಲ್ಲಿ ಹೆಚ್ಚಿನವು ಮೌನವಾಗಿದ್ದವು. ಅಂತರಜಾಲ ಆಗಲೂ ಇತ್ತು, ಪ್ರೇಕ್ಷಕನ ಕೈಯಲ್ಲಿ ಎಲ್ಲ ಸಾಧನಗಳೂ ಇದ್ದವು. ಎರಡು ವರ್ಷ ಅವು ಅಲುಗಾಡಲಿಲ್ಲ.

2011ರ ಜುಲೈ 4ರಂದು ಗಾರ್ಡಿಯನ್ ಇನ್ನೊಂದು ವರದಿಯನ್ನು ಪ್ರಕಟಿಸಿತು. 2002ರಲ್ಲಿ ಅಪಹೃತಳಾಗಿ ಕೊಲೆಯಾದ 13 ವರ್ಷದ ಬಾಲಕಿಯೊಬ್ಬಳ ಫೋನಿನ ಸಂದೇಶಗಳನ್ನೂ ಅವರು ಕೇಳಿದ್ದರು. ಸಂದೇಶಗಳನ್ನು ಅಳಿಸಿಹಾಕಿದ್ದರಿಂದ ಮಗಳು ಬದುಕಿರಬಹುದೆಂಬ ಹುಸಿ ಆಸೆ ತಂದೆತಾಯಿಗಳಿಗೆ ಹುಟ್ಟಿತೆಂದೂ ವರದಿಯಲ್ಲಿತ್ತು. ಇದನ್ನು ಓದಿದ ದೇಶ ಕೆರಳಿತು. ಟ್ವಿಟ್ಟರಿನಲ್ಲಿ ಸಾವಿರಾರು ಜನ ಆ ಪತ್ರಿಕೆಯ ಜಾಹೀರಾತುದಾರರನ್ನು ಹೆಸರು ಹಿಡಿದು ಪ್ರಶ್ನಿಸತೊಡಗಿದರು. ಮರುದಿನವೇ ಫೋರ್ಡ್ ಕಂಪನಿ ಜಾಹೀರಾತು ಹಿಂತೆಗೆಯಿತು. ಒಂದೊಂದಾಗಿ ಇತರ ಕಂಪನಿಗಳೂ ಹಿಂದೆ ಸರಿದವು. 7ನೆಯ ತಾರೀಖು ಪತ್ರಿಕೆಯನ್ನು ಮುಚ್ಚುವುದಾಗಿ ಒಡೆಯರು ಘೋಷಿಸಿದರು. 10ರಂದು ಕೊನೆಯ ಸಂಚಿಕೆ ಹೊರಬಂತು. 168 ವರ್ಷದ ಸಂಸ್ಥೆ ಆರು ದಿನಗಳಲ್ಲಿ ಮುಗಿಯಿತು.

ಇಷ್ಟು ತ್ವರಿತವಾದ ಜಯ ಮಾಧ್ಯಮದ ಇತಿಹಾಸದಲ್ಲಿ ವಿರಳ. ಅದರ ಲೆಕ್ಕವನ್ನು ಮಾತ್ರ ಸ್ವಲ್ಪ ನಿಧಾನವಾಗಿ ಹಾಕಬೇಕು. ಸತ್ಯವನ್ನು ಅಗೆದು ತೆಗೆದವನು ಒಂದು ಹಳೆಯ ಪತ್ರಿಕೆಯ ಸಂಬಳದಲ್ಲಿ ವರ್ಷಗಟ್ಟಲೆ ದುಡಿದ ವರದಿಗಾರ. ಓದುಗರು ಮಾಡಿದ್ದು ಆ ಸತ್ಯಕ್ಕೆ ಬೆಲೆ ತರಿಸಿಕೊಟ್ಟದ್ದು. ಅದೇನೂ ಸಣ್ಣ ಕೆಲಸವಲ್ಲ. ಪೊಲೀಸರಿಂದಲೂ ದೂರು ಮಂಡಲಿಯಿಂದಲೂ ಆಗದೇ ಹೋದುದು. ಆದರೆ ಪತ್ರಿಕೆ ಮುಚ್ಚಿದಾಗ ಕೆಲಸ ಕಳೆದುಕೊಂಡ ಸುಮಾರು ಇನ್ನೂರು ಜನರಲ್ಲಿ ಹಲವರು ಈ ಕಳ್ಳಗಿವಿಯ ಕಾಲದಲ್ಲಿ ಅಲ್ಲಿ ಇರಲೇ ಇಲ್ಲ. 2012ರ ಫೆಬ್ರವರಿ 26ರಂದು ಅದೇ ಒಡೆಯರು ‘ಸನ್’ ಪತ್ರಿಕೆಯ ಭಾನುವಾರದ ಸಂಚಿಕೆಯನ್ನು ಆರಂಭಿಸಿದರು. ತೆರವಾದ ಅಂಗಡಿಯಲ್ಲಿ ಹೊಸ ಫಲಕ ಏರಿತು. ಓದುಗರ ಕೋಪಕ್ಕೆ ಪತ್ರಿಕೆಯ ಹೆಸರು ಸಿಕ್ಕಿತು, ಒಡೆತನ ಸಿಗಲಿಲ್ಲ.

ಇದಕ್ಕಿಂತಲೂ ಹೆಚ್ಚಾಗಿ ಮನಸ್ಸನ್ನು ಕಾಡಬೇಕಾದ ಸಂಗತಿ 2011ರ ಡಿಸೆಂಬರಿನದು. ಬಾಲಕಿಯ ಫೋನಿನ ಸಂದೇಶಗಳನ್ನು ಕದ್ದು ಕೇಳಿದ್ದು ನಿಜ. ಆದರೆ ಹುಸಿ ಆಸೆಗೆ ಕಾರಣವಾದ ಅಳಿಸುವಿಕೆಯನ್ನು ಆ ಪತ್ರಿಕೆಯವರೇ ಮಾಡಿದ್ದರೆಂಬುದಕ್ಕೆ ಆಧಾರ ನಿಲ್ಲುವುದಿಲ್ಲವೆಂದು ಪೊಲೀಸರ ತನಿಖೆಯಿಂದ ತಿಳಿದುಬಂತು. ಜನರ ಕರುಳನ್ನು ಅತಿಯಾಗಿ ಕಲಕಿದ ವಿವರ ಅದೇ. ಗಾರ್ಡಿಯನ್ ತನ್ನ ಹಳೆಯ ವರದಿಗಳಿಗೆ ತಿದ್ದುಪಡಿ ಹಾಕಿತು. ಜುಲೈಯಲ್ಲಿ ಆ ವಿವರವನ್ನು ಸಾವಿರಾರು ಕೈಗಳಿಂದ ಹಂಚಿದವರಲ್ಲಿ ಎಷ್ಟು ಮಂದಿ ಡಿಸೆಂಬರಿನ ತಿದ್ದುಪಡಿಯನ್ನು ಹಂಚಿದರು? ಅವರನ್ನು ಕೇಳುವವರು ಯಾರೂ ಇರಲಿಲ್ಲ. ಬರೆದ ಪತ್ರಿಕೆಗೆ ತಿದ್ದುವ ಹೊಣೆ ಇತ್ತು, ಹರಡಿದ ಓದುಗನಿಗೆ ಇರಲಿಲ್ಲ.

ಈ ವ್ಯತ್ಯಾಸ ಬರಿಯ ಶಿಷ್ಟಾಚಾರದ್ದಲ್ಲವೆಂಬುದು 2013ರ ಏಪ್ರಿಲ್ 15ರ ಬಾಸ್ಟನ್ ಬಾಂಬ್ ಸ್ಫೋಟದ ಅನಂತರದ ನಾಲ್ಕು ದಿನಗಳಲ್ಲಿ ಗೋಚರವಾಯಿತು. ಓಟದ ಸ್ಪರ್ಧೆ ನಡೆಯುತ್ತಿದ್ದ ಬೀದಿಯಲ್ಲಿ ಬಾಂಬು ಸಿಡಿದು ಮೂವರು ಸತ್ತರು, ನೂರಾರು ಜನ ಗಾಯಗೊಂಡರು. ಅಲ್ಲಿ ನೆರೆದಿದ್ದವರು ತೆಗೆದಿದ್ದ ಸಾವಿರಾರು ಚಿತ್ರಗಳು ಅಂತರಜಾಲಕ್ಕೆ ಬಂದವು. ರೆಡ್ಡಿಟ್ ಎಂಬ ತಾಣದಲ್ಲಿ ಜನ ಒಟ್ಟುಗೂಡಿ ಚಿತ್ರಗಳನ್ನು ಪರೀಕ್ಷಿಸಿ ಅಪರಾಧಿಯನ್ನು ತಾವೇ ಹಿಡಿಯಹೊರಟರು. ಅವರ ಉದ್ದೇಶ ಕೆಟ್ಟದ್ದಾಗಿರಲಿಲ್ಲ. ತಿಂಗಳಿನಿಂದ ಕಾಣೆಯಾಗಿದ್ದ ಒಬ್ಬ ಭಾರತೀಯ ಮೂಲದ ವಿದ್ಯಾರ್ಥಿಯ ಮುಖ ಶಂಕಿತನ ಮುಖವನ್ನು ಹೋಲುತ್ತದೆಂದು ಯಾರೋ ಹೇಳಿದರು. ಒಂದು ರಾತ್ರಿಯಲ್ಲಿ ಅದು ಸಿದ್ಧಸತ್ಯದಂತೆ ಹಬ್ಬಿತು. ಮಗನನ್ನು ಹುಡುಕಲೆಂದು ಕುಟುಂಬ ತೆರೆದಿದ್ದ ಫೇಸ್‌ಬುಕ್ ಪುಟದಲ್ಲಿ ಬೈಗುಳ ಸುರಿಯಿತು. ಆ ವಿದ್ಯಾರ್ಥಿಗೂ ಸ್ಫೋಟಕ್ಕೂ ಯಾವ ಸಂಬಂಧವೂ ಇರಲಿಲ್ಲ. ಏಪ್ರಿಲ್ 23ರಂದು ಅವನ ಶವ ನದಿಯಲ್ಲಿ ದೊರೆಯಿತು. ಸ್ಫೋಟ ನಡೆಯುವ ಮೊದಲೇ ಅವನು ತೀರಿಕೊಂಡಿದ್ದ.

ಅದೇ ವಾರ ಒಂದು ಸ್ಥಾಪಿತ ಪತ್ರಿಕೆಯೂ ಇಂತಹದೇ ಪಾಪವನ್ನು ಮಾಡಿತು. ಏಪ್ರಿಲ್ 18ರ ನ್ಯೂಯಾರ್ಕ್ ಪೋಸ್ಟ್ ತನ್ನ ಮುಖಪುಟದ ತುಂಬ, ಚೀಲ ಹೊತ್ತಿದ್ದ ಇಬ್ಬರು ಯುವಕರ ಚಿತ್ರವನ್ನು ಅವರೇ ಅಪರಾಧಿಗಳೆಂದು ಓದುಗ ಭಾವಿಸುವಂತೆ ಪ್ರಕಟಿಸಿತು. ಅವರಿಬ್ಬರೂ ಓಟ ನೋಡಲು ಬಂದಿದ್ದವರು. ಹಳೆಯ ಮಾಧ್ಯಮ ವಿವೇಕಶಾಲಿ, ಹೊಸದು ಅವಿವೇಕಿ ಎಂಬ ಸುಲಭದ ವಿಂಗಡಣೆಗೆ ಇಲ್ಲಿ ಆಸ್ಪದವಿಲ್ಲ. ಅವಸರದಲ್ಲಿ ಎರಡೂ ಸಮಾನ. ಹಾಗೆ ನೋಡಿದರೆ ತಿಳಿದೂ ಮಾಡಿದ ಪತ್ರಿಕೆಯ ತಪ್ಪೇ ದೊಡ್ಡದು. ಆದರೆ ಆ ಇಬ್ಬರು ಯುವಕರು ಪತ್ರಿಕೆಯ ಮೇಲೆ ಮಾನನಷ್ಟದ ಮೊಕದ್ದಮೆ ಹೂಡಿದರು. 2014ರಲ್ಲಿ ಪತ್ರಿಕೆ ಅವರೊಡನೆ ರಾಜಿ ಮಾಡಿಕೊಂಡಿತು. ಸತ್ತ ವಿದ್ಯಾರ್ಥಿಯ ತಾಯಿತಂದೆಗಳು ಯಾರ ಮೇಲೆ ಮೊಕದ್ದಮೆ ಹೂಡಬೇಕಿತ್ತು? ರೆಡ್ಡಿಟ್ಟಿನ ವ್ಯವಸ್ಥಾಪಕರು ಬಹಿರಂಗವಾಗಿ ಕ್ಷಮೆ ಕೇಳಿದರು. ಅಷ್ಟರಮಟ್ಟಿಗೆ ಅವರನ್ನು ಮೆಚ್ಚಬೇಕು. ಬರೆದ ಕೈಗಳು ಮಾತ್ರ ಗುಪ್ತನಾಮಗಳ ಹಿಂದೆ ಸರಿದುಹೋದವು. ತಪ್ಪೊಂದೇ ಆದರೂ, ಒಂದು ಕಡೆ ಬಾಗಿಲು ತಟ್ಟಲು ಮನೆಯಿತ್ತು, ಇನ್ನೊಂದು ಕಡೆ ಬಯಲಿತ್ತು.

ಕರ್ನಾಟಕಕ್ಕೂ ಈ ಬಯಲಿನ ಅನುಭವವಿದೆ. 2012ರ ಆಗಸ್ಟಿನಲ್ಲಿ ಅಸ್ಸಾಮಿನ ಗಲಭೆಗಳ ಬೆನ್ನಿಗೇ ಬೆಂಗಳೂರಿನಲ್ಲಿದ್ದ ಈಶಾನ್ಯ ರಾಜ್ಯಗಳ ಜನರ ಮೇಲೆ ದಾಳಿ ನಡೆಯಲಿದೆಯೆಂಬ ಸಂದೇಶ ಮೊಬೈಲಿನಿಂದ ಮೊಬೈಲಿಗೆ ಹರಿಯಿತು. ಬೇರೆ ಕಡೆಯ, ಬೇರೆ ಕಾಲದ ಚಿತ್ರಗಳು ಜೊತೆಗೂಡಿದವು. ಎರಡು ಮೂರು ದಿನಗಳಲ್ಲಿ ಸಹಸ್ರಾರು ಯುವಕ ಯುವತಿಯರು ಕೆಲಸ, ಓದು ಬಿಟ್ಟು ಗುವಾಹಟಿಯ ರೈಲು ಹತ್ತಿದರು. ವಿಶೇಷ ರೈಲುಗಳನ್ನೇ ಓಡಿಸಬೇಕಾಯಿತು. ಭಯಪಡಬೇಕಾಗಿಲ್ಲವೆಂದು ಸರ್ಕಾರ ಹೇಳುತ್ತಿತ್ತು, ಪತ್ರಿಕೆಗಳು ಬರೆಯುತ್ತಿದ್ದವು. ಪರಿಚಿತನೊಬ್ಬ ಕಳಿಸಿದ ನಾಲ್ಕು ಸಾಲಿನ ಮುಂದೆ ಅವೆಲ್ಲ ಹಗುರವಾದವು. ಕೊನೆಗೆ ಕೇಂದ್ರ ಸರ್ಕಾರ ಹದಿನೈದು ದಿನ ಸಗಟು ಸಂದೇಶಗಳನ್ನೇ ನಿರ್ಬಂಧಿಸಿತು.

2018ರಲ್ಲಿ ಇದು ಕೊಲೆಗೆ ಮುಟ್ಟಿತು. ಮಕ್ಕಳ ಕಳ್ಳರು ಬಂದಿದ್ದಾರೆಂಬ ವದಂತಿಯೊಡನೆ ವಾಟ್ಸಾಪಿನಲ್ಲಿ ಒಂದು ಚಲನಚಿತ್ರದ ತುಣುಕು ಹರಿದಾಡಿತು: ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಬೈಕಿನಲ್ಲಿ ಬಂದವರು ಎತ್ತಿಕೊಂಡು ಹೋಗುತ್ತಾರೆ. ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ರಕ್ಷಣೆಯ ಬಗ್ಗೆ ಜನಜಾಗೃತಿಗಾಗಿ ತಯಾರಿಸಿದ ಕಿರುಚಿತ್ರ. ಅದರ ಕೊನೆಯಲ್ಲಿ ಬೈಕಿನವರು ಮಗುವನ್ನು ಹಿಂದಿರುಗಿಸಿ, ಎಚ್ಚರಿಕೆಯ ಫಲಕವನ್ನು ಹಿಡಿದು ತೋರಿಸುತ್ತಾರೆ. ಯಾರೋ ಆ ಕೊನೆಯನ್ನು ಕತ್ತರಿಸಿದ್ದರು. ಅಲ್ಲಿದ್ದ ಪ್ರತಿಯೊಂದು ದೃಶ್ಯವೂ ನಿಜವಾಗಿ ಚಿತ್ರೀಕರಣಗೊಂಡದ್ದೇ. ಸುಳ್ಳು ಇದ್ದದ್ದು ಕತ್ತರಿಯಲ್ಲಿ. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ದುಡಿಮೆಗೆ ಬಂದಿದ್ದ ಯುವಕನೊಬ್ಬನನ್ನು ಗುಂಪು ಹೊಡೆದು ಕೊಂದಿತು. ಜುಲೈ 13ರಂದು ಬೀದರ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ ಹೈದರಾಬಾದಿನಿಂದ ಬಂದಿದ್ದ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು ಅದೇ ರೀತಿ ಸತ್ತರು. ಅವರ ಜೊತೆಗಿದ್ದವರು ದಾರಿಯಲ್ಲಿ ಶಾಲಾಮಕ್ಕಳಿಗೆ ಚಾಕೊಲೇಟು ಹಂಚಿದ್ದೇ ಸಂಶಯಕ್ಕೆ ಮೂಲ. ಅವರು ಕಾರಿನಲ್ಲಿ ಪಾರಾಗಿ ಹೋಗುವಷ್ಟರಲ್ಲಿ ಸಂದೇಶ ಅವರಿಗಿಂತ ಮುಂದಾಗಿ ಮುಂದಿನ ಊರನ್ನು ಮುಟ್ಟಿತ್ತು. ಬಂಧಿತರಾದ ಹಲವರಲ್ಲಿ ಆ ವಾಟ್ಸಾಪ್ ಗುಂಪಿನ ನಿರ್ವಾಹಕನೂ ಒಬ್ಬ.

ರೋಸೆನ್ ಅವರ ಮಾತಿನಂತೆ ಇಲ್ಲಿಯೂ ಸುದ್ದಿ ಅಡ್ಡಡ್ಡಲಾಗಿಯೇ ಹರಿಯಿತು; ಯಾವ ಸಂಪಾದಕನ ಅಪ್ಪಣೆಯೂ ಬೇಕಾಗಲಿಲ್ಲ. ಸ್ಥಾಪಿತ ಸಂಸ್ಥೆಗಳ ಮೇಲೆ ಪ್ರೇಕ್ಷಕ ಪಡೆದ ಸ್ವಾತಂತ್ರ್ಯದ ಪೂರ್ಣರೂಪ ಇದೇ ಎನ್ನುವುದು ಅನ್ಯಾಯವಾದೀತು. ಅದರ ಒಂದು ರೂಪ ಇದೆಂಬುದನ್ನು ಮರೆಮಾಚುವುದೂ ಅನ್ಯಾಯವೇ. ಮುರ್ಕಿಯ ಘಟನೆಗೆ ಮೂರು ದಿನ ಹಿಂದೆ, ಜುಲೈ 10ರಂದು, ವಾಟ್ಸಾಪ್ ಕಂಪನಿ ಭಾರತದ ದಿನಪತ್ರಿಕೆಗಳಲ್ಲಿ ಪೂರ್ಣಪುಟದ ಜಾಹೀರಾತು ಕೊಟ್ಟು, ಬಂದ ಸಂದೇಶಗಳನ್ನು ಕಣ್ಣು ಮುಚ್ಚಿ ನಂಬಬೇಡಿರೆಂದು ಜನರಿಗೆ ತಿಳಿಹೇಳಿತ್ತು. ತನ್ನ ಮೂಲಕ ಹರಿದ ಸುಳ್ಳಿಗೆ ಮದ್ದು ಹುಡುಕುತ್ತ ಅದು ಹೋದದ್ದು ಮುದ್ರಿತ ಕಾಗದದ ಬಳಿಗೆ. ಘಟನೆಯಾದ ವಾರದೊಳಗೆ, ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚಿಗೆ ಮುಂದೂಡಲಾಗದಂತೆ ಮಿತಿ ಹಾಕುವುದಾಗಿ ಅದು ಪ್ರಕಟಿಸಿತು; 2019ರ ಜನವರಿಯಲ್ಲಿ ಆ ಮಿತಿ ಲೋಕಕ್ಕೆಲ್ಲ ಅನ್ವಯವಾಯಿತು. ಮಿತಿ ಒಳ್ಳೆಯದೇ ಇರಬಹುದು. ಆದರೆ ಅದನ್ನು ನಿರ್ಧರಿಸಿದವರು ಓದುಗರೂ ಅಲ್ಲ, ಪತ್ರಕರ್ತರೂ ಅಲ್ಲ.

ತಕ್ಕಡಿಯ ಎರಡು ತಟ್ಟೆಗಳನ್ನೇ ನೋಡುತ್ತಿದ್ದವರು ತಕ್ಕಡಿ ಹಿಡಿದ ಕೈಯನ್ನು ನೋಡಲಿಲ್ಲ. ಅದು ಸ್ಪಷ್ಟವಾಗಿ ಕಾಣಿಸಿದ್ದು 2023ರ ಆಗಸ್ಟಿನಲ್ಲಿ, ಕೆನಡಾ ದೇಶದಲ್ಲಿ. ಸುದ್ದಿಯ ಕೊಂಡಿಗಳಿಗಾಗಿ ದೊಡ್ಡ ಜಾಲತಾಣಗಳು ಸುದ್ದಿಸಂಸ್ಥೆಗಳಿಗೆ ಹಣ ಕೊಡಬೇಕೆಂಬ ಕಾನೂನನ್ನು ಅಲ್ಲಿನ ಸಂಸತ್ತು ಜೂನಿನಲ್ಲಿ ಅಂಗೀಕರಿಸಿತ್ತು. ಫೇಸ್‌ಬುಕ್ಕಿನ ಒಡೆಯನಾದ ಮೆಟಾ ಕಂಪನಿ ಹಣ ಕೊಡುವ ಬದಲು ಕೆನಡಾದ ಬಳಕೆದಾರರಿಗೆ ಸುದ್ದಿಯನ್ನೇ ತಡೆಹಿಡಿಯಿತು. ಆಗಸ್ಟ್ 16ರಂದು ಉತ್ತರದ ಯೆಲ್ಲೋನೈಫ್ ನಗರದ ಸಮೀಪಕ್ಕೆ ಕಾಳ್ಗಿಚ್ಚು ಬಂದು, ಸುಮಾರು 20,000 ನಿವಾಸಿಗಳಿಗೆ ಊರು ಬಿಡುವಂತೆ ಆಜ್ಞೆಯಾಯಿತು. ಯಾವ ರಸ್ತೆ ತೆರೆದಿದೆ, ಯಾವುದು ಮುಚ್ಚಿದೆ ಎಂಬ ಸ್ಥಳೀಯ ಪತ್ರಿಕೆಯ ವರದಿಯನ್ನು ನೆರೆಯವನಿಗೆ ಫೇಸ್‌ಬುಕ್ಕಿನಲ್ಲಿ ಕಳಿಸಲಾಗದೆ ಜನ ಪರದೆಯ ಚಿತ್ರಗಳನ್ನು ತೆಗೆದು ಹಂಚಿದರು. ಸರ್ಕಾರ ಮನವಿ ಮಾಡಿದರೂ ಕಂಪನಿ ಒಪ್ಪಲಿಲ್ಲ. ವಾರ್ತಾಸಂಸ್ಥೆಯಿಂದ ಬಲ ಜಾರಿತ್ತು, ದಿಟ. ಅದು ಓದುಗನ ಕೈಗೆ ಬೀಳಲಿಲ್ಲ.

ಹಾಗಾದರೆ ಪ್ರೇಕ್ಷಕನ ಬಲವೆಂಬುದು ಸಂಪೂರ್ಣ ಭ್ರಮೆಯೇ? ದಕ್ಷಿಣ ಕೊರಿಯದ ಓಮೈನ್ಯೂಸ್ ಪತ್ರಿಕೆಯನ್ನು ಬಲ್ಲವರು ಹಾಗೆ ಹೇಳಲಾರರು. ಓ ಯಾನ್‌ಹೊ ಎಂಬ ಪತ್ರಕರ್ತರು 2000ದ ಫೆಬ್ರವರಿ 22ರಂದು 727 ಮಂದಿ ನಾಗರಿಕ ವರದಿಗಾರರೊಡನೆ ಅಂತರಜಾಲದಲ್ಲಿ ಅದನ್ನು ಆರಂಭಿಸಿದರು. ಪ್ರತಿಯೊಬ್ಬ ಪ್ರಜೆಯೂ ವರದಿಗಾರನೆಂಬುದು ಅದರ ಧ್ಯೇಯವಾಕ್ಯ. ಗೃಹಿಣಿಯರು, ಉಪಾಧ್ಯಾಯರು, ವಿದ್ಯಾರ್ಥಿಗಳು, ರೈತರು ಅದಕ್ಕೆ ಬರೆದರು. ಸಂಪ್ರದಾಯವಾದಿ ನಿಲುವಿನ ಮೂರು ದೊಡ್ಡ ದಿನಪತ್ರಿಕೆಗಳ ಹಿಡಿತದಲ್ಲಿದ್ದ ದೇಶದಲ್ಲಿ ಅದೊಂದು ಹೊಸ ಗಾಳಿ. 2002ರ ಡಿಸೆಂಬರಿನಲ್ಲಿ ಅಧ್ಯಕ್ಷರಾಗಿ ಚುನಾಯಿತರಾದ ರೋ ಮೂ ಹ್ಯುನ್ ತಮ್ಮ ಮೊದಲ ಸಂದರ್ಶನವನ್ನು ಕೊಟ್ಟದ್ದು ಆ ದೊಡ್ಡ ಪತ್ರಿಕೆಗಳಿಗಲ್ಲ, ಓಮೈನ್ಯೂಸಿಗೆ.

ಆದರೆ ಅಲ್ಲಿನ ಪದ್ಧತಿಯನ್ನು ಗಮನಿಸಬೇಕು. ಬರೆಯುವವನು ತನ್ನ ನಿಜನಾಮವನ್ನು ನೋಂದಾಯಿಸಬೇಕಿತ್ತು. ಬಂದ ಬರಹವನ್ನು ಸಂಬಳದ ಸಂಪಾದಕರು ಓದಿ, ಸಂಗತಿಗಳನ್ನು ಪರಿಶೀಲಿಸಿ, ಒಪ್ಪಿದ್ದನ್ನು ಮಾತ್ರ ಪ್ರಕಟಿಸುತ್ತಿದ್ದರು. ಪ್ರಕಟವಾದುದಕ್ಕೆ ಅಲ್ಪ ಸಂಭಾವನೆಯೂ ಇತ್ತು. ಅಂದರೆ ಓದುಗರು ಸಂಸ್ಥೆಯನ್ನು ಕೆಡವದೆ, ತಾವೇ ಒಂದು ಸಂಸ್ಥೆಯಾಗಿ ಕೂತರು. ಪ್ರಶ್ನಿಸುವ ಹಕ್ಕಿನ ಜೊತೆಗೆ ಪ್ರಶ್ನೆಗೊಳಗಾಗುವ ಕಷ್ಟವನ್ನೂ ಹೊತ್ತರು. ಇದು ದುಬಾರಿ ವ್ಯವಹಾರ. ಪರಿಶೀಲಿಸುವವನಿಗೆ ತಿಂಗಳ ಸಂಬಳ ಬೇಕು, ಮೊಕದ್ದಮೆ ಬಂದರೆ ವಕೀಲ ಬೇಕು, ನ್ಯಾಯಾಲಯಕ್ಕೂ ನಗರಸಭೆಗೂ ಸುದ್ದಿಯಿಲ್ಲದ ದಿನವೂ ಹೋಗಿ ಕೂರುವವನೊಬ್ಬ ಬೇಕು. ಬೇಸರದ ಆ ಕೆಲಸಕ್ಕೆ ಹುಮ್ಮಸ್ಸಿನಿಂದ ಬರುವ ಪ್ರೇಕ್ಷಕ ಎರಡು ದಿನ ಬಂದಾನು. ಮೂರನೆಯ ದಿನ ಅವನಿಗೆ ಸ್ವಂತದ ಅಂಗಡಿಯೋ ಹೊಲವೋ ಇರುತ್ತದೆ.

ಜಾಹೀರಾತಿನ ಆದಾಯ ಸಾಲದೆ 2009ರಲ್ಲಿ ಓಮೈನ್ಯೂಸ್ ತನ್ನ ಓದುಗರಿಗೆ ಒಂದು ಮನವಿ ಮಾಡಿಕೊಂಡಿತು: ಒಂದು ಲಕ್ಷ ಮಂದಿ ಸದಸ್ಯರಾಗಿ ತಿಂಗಳಿಗೆ 10,000 ವೋನ್ ಕೊಟ್ಟರೆ ಪತ್ರಿಕೆ ಯಾವ ಕಂಪನಿಯ ಹಂಗೂ ಇಲ್ಲದೆ ತನ್ನ ಕಾಲ ಮೇಲೆ ನಿಲ್ಲಬಲ್ಲದು. ಒಂಬತ್ತು ವರ್ಷಗಳಿಂದ ವರದಿಗಾರನೆಂದು ಕರೆಸಿಕೊಂಡಿದ್ದ ಓದುಗನ ಮುಂದೆ ಹೀಗೆ ಆ ಪತ್ರಿಕೆಯ ಖರ್ಚಿನ ಪಟ್ಟಿಯೂ ಬಂದು ಕೂತಿತು.